ಮಕ್ಕಳ ಪ್ರಾಜೆಕ್ಟು ನೋಡೋಕೆ ಹೋಗುವ ಮುಂಚೆ

ನಾನು ಪಂಪ್‌ಸೆಟ್‌ಗಳಿಗೆ ಕಂಟ್ರೋಲ್ ಪ್ಯಾನಲ್ ಮಾಡಿಕೊಡುವವನು. ನಮ್ಮೂರ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಮಕ್ಕಳು ಕೈಯಾರೆ ಯಂತ್ರ ಮಾಡಿ ಕಲಿಯುವ ಜಾಗ, 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಟಲ್ ಇನ್ನೋವೇಶನ್ ಮಿಷನ್‌ದು. ಶಾಲೆಗೆ 20 ಲಕ್ಷದವರೆಗೂ ಅನುದಾನ ಸಿಗುತ್ತೆ. ಆರ್ಡುಯಿನೋ ಬೋರ್ಡು (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಸರ್ಕ್ಯೂಟ್), ಸೆನ್ಸರು, 3ಡಿ ಪ್ರಿಂಟರು ಎಲ್ಲ ಬರುತ್ತವೆ. ಮಾಡಿದ್ದನ್ನು ಕೂತು ನೋಡುವವರು ಬೇಕಲ್ಲ, ಅದಕ್ಕೆ ನಮ್ಮಂಥವರನ್ನು ಕರೆಯುತ್ತಾರೆ. ಸಂಬಳ ಇಲ್ಲ, ಚಹಾ ಉಂಟು.

ಮೇಷ್ಟ್ರಿಗೆ ಮೊದಲೇ ಹೇಳಿದ್ದೆ, ವಸ್ತುಪ್ರದರ್ಶನದ ದಿನ ನನ್ನನ್ನು ಕರೆಯಬೇಡಿ ಅಂತ. ಅವತ್ತು ಥರ್ಮಾಕೋಲಿಗೆ ಬಣ್ಣ ಬಳಿದಾಗಿರುತ್ತೆ, ಮಾತು ಬಾಯಿಪಾಠ ಆಗಿರುತ್ತೆ. ಏನು ಹೇಳಿದರೂ ಬದಲಾಯಿಸೋಕೆ ಸಮಯ ಇರಲ್ಲ, ಸುಮ್ನೆ ಮಕ್ಕಳ ಮುಖ ಬಾಡುತ್ತೆ. ವೈರುಗಳು ಇನ್ನೂ ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ವೈರು ಚುಚ್ಚಿ ನೋಡುವ ಹಲಗೆ) ಮೇಲೆ ಜೋತಾಡುತ್ತಿರುವಾಗ ಹೋಗುತ್ತೇನೆ. ಅಂಕ ಕೊಡುವುದಿಲ್ಲ, ಅದು ಮೇಷ್ಟ್ರ ಕೆಲಸ.

ಒಂಬತ್ತನೇ ಕ್ಲಾಸಿನ ಒಂದು ಗುಂಪು ತಾನಾಗಿ ನೀರು ಬಿಡುವ ಯಂತ್ರ ಮಾಡಿತ್ತು. ಮಣ್ಣಿನಲ್ಲಿ ಎರಡು ಕಾಲಿನ ತೇವದ ಸೆನ್ಸರು, ಪಕ್ಕದಲ್ಲಿ ಬೋರ್ಡು, ಅದು ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್ಚು ಅಂದ್ರೆ ರಿಲೇ, ಪುಟ್ಟ ಪಂಪು. ಮಣ್ಣು ಒಣಗಿದರೆ ಪಂಪು ಓಡುತ್ತೆ, ಒದ್ದೆಯಾದರೆ ನಿಲ್ಲುತ್ತೆ. ಚೆನ್ನಾಗಿಯೇ ಓಡಿತು. ನಾನು ಕೇಳಿದ್ದು ಒಂದೇ: ಈ ಸೆನ್ಸರನ್ನು ಒದ್ದೆ ಮಣ್ಣಲ್ಲಿ, ಕರೆಂಟ್ ಆನ್ ಇಟ್ಟೇ, ಒಂದು ವಾರ ಬಿಟ್ಟರೆ ಏನಾಗುತ್ತೆ?

ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಮುಂದಿನ ಸಲ ಹೋದಾಗ ಒಬ್ಬಳು ಸೆನ್ಸರನ್ನು ಒರೆಸಿ ಕೈಗೆ ಕೊಟ್ಟಳು. ಒಂದು ಕಾಲಿನ ತಾಮ್ರ ಅಲ್ಲಲ್ಲಿ ತಿಂದುಹೋಗಿ ಹಸಿರು ಕಟ್ಟಿತ್ತು. ಡಿಸಿ ಕರೆಂಟ್ (ಒಂದೇ ದಿಕ್ಕಿಗೆ ಹರಿಯುವುದು) ಸದಾ ಹರಿಯುತ್ತಿದ್ದರೆ ಪ್ಲಸ್ ಕಡೆಯ ತಾಮ್ರ ಕರಗಿಹೋಗುತ್ತೆ. ಒಣ ಮಣ್ಣಲ್ಲಿ ಕರೆಂಟ್ ಕಮ್ಮಿ ಹರಿಯುತ್ತೆ, ಸೆನ್ಸರು ಅಳೆಯುವುದು ಇದನ್ನೇ. ತಾಮ್ರ ಕಮ್ಮಿಯಾದಷ್ಟೂ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಜಾಸ್ತಿ, ಅಂದ್ರೆ ಒದ್ದೆ ಮಣ್ಣನ್ನೂ ಅದು ಒಣ ಮಣ್ಣು ಅಂತಲೇ ಓದುತ್ತೆ. "ಹಂಗಾದ್ರೆ ಪಂಪ್ ನಿಲ್ಲೋದೇ ಇಲ್ಲ ಸರ್!" ಅಂದಳು. ಆಮೇಲೆ ಅವರೇ ಪ್ರೋಗ್ರಾಂ ತಿದ್ದಿದರು: ಅರ್ಧ ಗಂಟೆಗೊಮ್ಮೆ ಮಾತ್ರ ಸೆನ್ಸರಿಗೆ ಕರೆಂಟ್, ಓದಿದ ಕೂಡಲೇ ಆಫ್. ಕೆಪ್ಯಾಸಿಟಿವ್ ಸೆನ್ಸರ್ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ತಾಮ್ರ ಮಣ್ಣಿಗೆ ತಾಗುವುದಿಲ್ಲ ಅಂತ ಆಗ ತೋರಿಸಿದೆ. ಮೊದಲೇ ಅದನ್ನು ಕೊಟ್ಟಿದ್ದರೆ ಈ ಪಾಠ ತಪ್ಪುತ್ತಿತ್ತು ಅಲ್ವಾ?

ಸೋಲ್ಡರಿಂಗ್ ಐರನ್ ಮಾತ್ರ ನಾನು ಮುಟ್ಟುವುದಿಲ್ಲ. ಮುಟ್ಟಿದರೆ ಪ್ರಾಜೆಕ್ಟು ನನ್ನದಾಗುತ್ತೆ. ಮನೆಯ ಕರೆಂಟಿಗೆ ಕೈ ಹಾಕಿದರೆ ಮಾತ್ರ ತಕ್ಷಣ ತಡೆಯುತ್ತೇನೆ, ಅಲ್ಲಿ ಪ್ರಶ್ನೆ ಕೇಳುತ್ತಾ ಕೂರೋಕಾಗಲ್ಲ.

ಮತ್ತೊಂದು ಸಲ ನನ್ನ ಗಿರಾಕಿ, ಅಡಿಕೆ ತೋಟದವರೊಬ್ಬರನ್ನು ಕರೆದುಕೊಂಡು ಹೋದೆ. ಬೋರ್ಡು, ಪ್ರೋಗ್ರಾಂ ಅವರಿಗೆ ಗೊತ್ತಿಲ್ಲ. ಎಲ್ಲ ನೋಡಿ, "ಬೋರ್‌ನಾಗೆ ನೀರೇ ಇಲ್ಲ ಅಂದ್ರೆ?" ಅಂದರು. ಗುಂಪು ಗಪ್‌ಚುಪ್. ನೀರು ಬರದಿದ್ದರೆ ಮಣ್ಣು ಒದ್ದೆಯಾಗಲ್ಲ, ಸೆನ್ಸರು ಪಂಪನ್ನು ನಿಲ್ಲಿಸಲ್ಲ. ಬೋರಿನೊಳಗೆ ನೀರಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರುವುದೇ ಆ ನೀರಿನಿಂದ, ಒಣಗಿ ಓಡಿದರೆ ಸುಟ್ಟೇಹೋಗುತ್ತೆ. ನಮ್ಮ ಪ್ಯಾನಲ್‌ಗಳಲ್ಲಿ ಡ್ರೈ ರನ್ ಪ್ರೊಟೆಕ್ಷನ್ ಅಂತ, ನೀರಿಲ್ಲದಿದ್ದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ ಇಡುವುದು ಇದಕ್ಕೇ. ನಾನೇ ಕೇಳಬಹುದಿತ್ತು. ಆದರೆ ಮೋಟಾರು ಸುಟ್ಟು, ರಿವೈಂಡಿಂಗಿಗೆ (ಸುಟ್ಟ ತಂತಿ ತೆಗೆದು ಹೊಸದು ಸುತ್ತಿಸೋಕೆ) ದುಡ್ಡು ಕಟ್ಟಿದವರು ಕೇಳಿದಾಗ ಮಕ್ಕಳು ಬೇರೆ ಥರ ಕೇಳಿಸಿಕೊಳ್ಳುತ್ತಾರೆ.

ಈಗ ಹತ್ತು ನಿಮಿಷ ಓಡಿದರೂ ತೇವ ಏರದಿದ್ದರೆ ಪಂಪ್ ಆಫ್ ಆಗಿ ಬಝರ್ ಕೂಗುತ್ತೆ. ಹತ್ತು ನಿಮಿಷ ಜಾಸ್ತಿಯಾಯ್ತು ಅಂತ ಗುಂಪಿನಲ್ಲೇ ಜಗಳ ನಡೆದಿದೆ. ತೋಟದವರೂ ಎರಡೇ ನಿಮಿಷ ಸಾಕು ಅಂತಾರೆ.