ಬೆಳಕು ಗುರುತಿಸುವ ದುಂಡಾಣು: ಟೊಮೆಟೊ ಎಲೆಚುಕ್ಕೆ ತಡೆಯುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಬೇಲೂರು, ಚಿಕ್ಕಮಗಳೂರು ಸುತ್ತಿನ ಟೊಮೆಟೊ ತಾಕುಗಳಲ್ಲಿ ಬಿಸಿಲೇರಿದರೂ ಎಲೆಯ ತೇವ ಆರುವುದಿಲ್ಲ. ತಂಪೂ ತೇವವೂ ಕೂಡಿದ ಈ ಹವೆ ಎಲೆಚುಕ್ಕೆ ರೋಗ ತರುವ ಸ್ಯೂಡೊಮೊನಾಸ್ ಸಿರಿಂಜೆ ಎಂಬ ದುಂಡಾಣುವಿಗೆ (ಬ್ಯಾಕ್ಟೀರಿಯಾ) ಹೇಳಿ ಮಾಡಿಸಿದಂತಿರುತ್ತದೆ. ಔಷಧಿ ಅಂಗಡಿಗೆ ಓಡುವ ಮೊದಲು ಅದರ ದಿನಚರಿ ತಿಳಿಯಿರಿ. ಆ ದಿನಚರಿಯಲ್ಲಿ ಬೆಳಕಿಗೆ ದೊಡ್ಡ ಪಾಲಿದೆ.

ಮೊದಲು ರೋಗ ಇದೇ ಹೌದೇ ನೋಡಿ. ಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ, ಸುತ್ತ ಹಳದಿ ಅಂಚು, ಎಳೆ ಕಾಯಿಯ ಮೇಲೆ ಕೈಗೆ ತಾಕುವ ಉಬ್ಬು ಚುಕ್ಕೆ ಇದ್ದರೆ ದುಂಡಾಣುವಿನ ಅನುಮಾನ ಬಲವಾಗುತ್ತದೆ. ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ ಕಂಡರೆ ಅದು ಶಿಲೀಂಧ್ರದ ಅಂಗಮಾರಿ; ಅದರ ಚಿಕಿತ್ಸೆಯೇ ಬೇರೆ. ಸಂಶಯವಿದ್ದರೆ ಎಲೆಯನ್ನು ಹಾಸನದ ಕಂದಲಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಈಗ ದುಂಡಾಣುವಿನ ವಿಷಯ. ಇದರಲ್ಲಿ ನೀಲಿ ಬೆಳಕನ್ನು ಗುರುತಿಸುವ ಒಂದು ಪ್ರೋಟೀನ್ ಇದೆ, ಕೆಂಪು ಬೆಳಕಿಗೆ ಬೇರೆ ಎರಡು. ನೀಲಿ ಬೆಳಕಿನ ಪ್ರೋಟೀನಿನ ಮಡಿಲಲ್ಲಿ ಬಿ2 ವಿಟಮಿನ್‌ನಿಂದಾದ ಒಂದು ಅಣು ಕುಳಿತಿರುತ್ತದೆ. ಬೆಳಕು ಬಿದ್ದೊಡನೆ ಆ ಅಣು ಪ್ರೋಟೀನಿಗೆ ಬೆಸೆದುಕೊಳ್ಳುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ಸುದ್ದಿ ಜೀವಕೋಶದೊಳಗೆ ಸಾಗುತ್ತದೆ. ಕತ್ತಲಾದರೆ ಬೆಸುಗೆ ನಿಧಾನವಾಗಿ ಬಿಡುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಟೊಮೆಟೊಗೆ ತಗಲುವ ತಳಿಯಲ್ಲಿ ಇದರ ಪರಿಣಾಮವನ್ನು ತೋರಿಸಿತು: ಬಿಳಿ ಮತ್ತು ನೀಲಿ ಬೆಳಕಿನಲ್ಲಿ ದುಂಡಾಣುವಿನ ಓಡಾಟ ಕುಗ್ಗುತ್ತದೆ, ಎಲೆಗೆ ಅಂಟಿಕೊಳ್ಳುವುದು ಹೆಚ್ಚುತ್ತದೆ. ಓಡಾಟ ಕುಗ್ಗಿದ ದುಂಡಾಣು ಎಲೆಯೊಳಗೆ ನುಗ್ಗಲು ಸೋಲುತ್ತದೆ, ರೋಗವೂ ತಗ್ಗುತ್ತದೆ.

ನುಗ್ಗುವ ಬಾಗಿಲು ಪತ್ರರಂಧ್ರ. ದುಂಡಾಣುವಿನ ಸುಳಿವು ಸಿಕ್ಕರೆ ಗಿಡ ಅದನ್ನು ಮುಚ್ಚುತ್ತದೆ. ದುಂಡಾಣು ಕೊರೊನಾಟಿನ್ ಎಂಬ ವಿಷವಸ್ತು ಸುರಿಸಿ ಮತ್ತೆ ತೆರೆಸುತ್ತದೆ. ಎಷ್ಟು ಸಣ್ಣ ಜೀವಿ, ಎಂಥ ಹಂಚಿಕೆ! ರಾತ್ರಿಯಿಡೀ ನೀರಿನ ಪೊರೆಯಲ್ಲಿ ಈಜಾಡಿದ ದುಂಡಾಣುವಿಗೆ ರಂಧ್ರಗಳು ತೆರೆಯುವ ಮುಂಜಾವೇ ಸುಸಮಯ ಎಂಬುದು ಇವೆಲ್ಲ ಸೇರಿಸಿ ನೋಡಿದಾಗ ನನಗೆ ಕಾಣುವ ಚಿತ್ರ. ಹಾಗೆಂದು ಹೊಲದಲ್ಲಿ ನೀಲಿ ಬಲ್ಬ್ ಕಟ್ಟಲು ಹೋಗಬೇಡಿ. ನಮ್ಮ ಕೈಯಲ್ಲಿರುವುದು ನೀರು.

ಆದ್ದರಿಂದ ಸಂಜೆ ತುಂತುರು ನೀರಾವರಿ ನಿಲ್ಲಿಸಿ, ಹನಿ ನೀರಾವರಿಗೆ ಬನ್ನಿ. ತುಂತುರೇ ಗತಿಯೆಂದರೆ ಬೆಳಿಗ್ಗೆ ಹಾಯಿಸಿ, ಬಿಸಿಲಿಗೆ ಎಲೆ ಒಣಗಲಿ. ಸಾಲುಗಳ ನಡುವೆ ಗಾಳಿ, ಬೆಳಕು ಆಡುವಷ್ಟು ಜಾಗ ಬಿಡಿ. ಕೋಲು ನೆಟ್ಟು ಬಳ್ಳಿ ಎತ್ತಿ ಕಟ್ಟಿ, ನೆಲ ಮುಟ್ಟುವ ಎಲೆ ಸವರಿ. ಈ ಕೆಲಸಕ್ಕೆ ಆಳುಗಳನ್ನು ಇಬ್ಬನಿ ಆರಿದ ಮೇಲೆಯೇ ಇಳಿಸಿ. ಒದ್ದೆ ಗಿಡ ಮುಟ್ಟಿದ ಕೈ, ಕತ್ತರಿ ಎರಡೂ ಮುಂದಿನ ಗಿಡಕ್ಕೆ ರೋಗ ಒಯ್ಯುತ್ತವೆ. ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಸಿಂಪಡಿಸುವುದಾದರೆ ಚುಕ್ಕೆ ಹರಡುವ ಮುನ್ನವೇ ಸಿಂಪಡಿಸಿ. ಎಲೆಯೊಳಗೆ ಹೊಕ್ಕ ದುಂಡಾಣುವನ್ನು ಅದು ಮುಟ್ಟುವುದಿಲ್ಲ.

ರೋಗ ಬೀಜದಲ್ಲೇ ಬರಬಹುದು. ಮನೆಯಲ್ಲೇ ತೆಗೆದ ಬೀಜವಾದರೆ ತೆಳು ಬಟ್ಟೆಯಲ್ಲಿ ಕಟ್ಟಿ, 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 25 ನಿಮಿಷ ಅದ್ದಿಡಿ. ಥರ್ಮಾಮೀಟರ್ ಕಡ್ಡಾಯ; ಶಾಖ ಹೆಚ್ಚಿದರೆ ಬೀಜ ಮೊಳೆಯದು. ಹೊರತೆಗೆದ ಕೂಡಲೇ ತಣ್ಣೀರಿಗೆ ಹಾಕಿ, ನೆರಳಿನಲ್ಲಿ ಆರಿಸಿ, ಸಸಿಮಡಿಗೆ ಬಿತ್ತಿ.