ಕ್ಯಾನ್ಸರಿಗೆ ಜೇನು ಕೇಳಿಕೊಂಡು ಬಂದರೆ ನಾನು ಏನು ಕೊಡುತ್ತೇನೆ

ಶಿರಸಿ ಸೀಮೆಯಲ್ಲಿ ಜೇನು ಸಾಕುವವರ ಮನೆಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ತಿನ್ನಲಿಕ್ಕೆ ಒಯ್ಯುವವರು, ಔಷಧಿಗೆ ಒಯ್ಯುವವರು. ಔಷಧಿಗೆ ಅನ್ನುವವರಿಗೆ ಮಿಸರಿ, ಅಂದರೆ ಚುಚ್ಚದ ಪುಟ್ಟ ಹುಳದ ಜೇನೇ ಬೇಕು. ಈಚೆಗೆ ಅದಕ್ಕೆ ‘ಕ್ಯಾನ್ಸರಿಗೂ ಒಳ್ಳೇದಂತಲ್ಲ’ ಎಂಬ ಮಾತು ಸೇರಿಕೊಂಡಿದೆ. ಪೆಟ್ಟಿಗೆಯಲ್ಲಿ ಸಾಕುವ ಮಾಮೂಲಿ ತುಡುವೆ ಹುಳ ಕಿಲೋಗಟ್ಟಲೆ ಕೊಟ್ಟರೆ ಮಿಸರಿ ಗೂಡಿನ ಲೆಕ್ಕ ಗ್ರಾಮಿನಲ್ಲಿ, ಹಾಗಾಗಿ ರೇಟೂ ಜಾಸ್ತಿ. ಸುಮ್ನೆ ಹೌದು ಎಂದುಬಿಟ್ಟರೆ ಒಳ್ಳೆ ವ್ಯಾಪಾರ. ನಾನು ಹೇಳುವುದಿಲ್ಲ.

ಹಾಗಂತ ಅದು ಪೂರ್ತಿ ಗಾಳಿಮಾತೂ ಅಲ್ಲ. ಹೂವಿನಿಂದಲೂ ಗಿಡದ ಅಂಟಿನಿಂದಲೂ ಕ್ಯಾನ್ಸರ್ ಸಂಶೋಧನೆಯಲ್ಲಿ ಹೆಸರು ಬರುವ ಕ್ರೈಸಿನ್, ಕ್ವೆರ್ಸೆಟಿನ್ ತರಹದ ವಸ್ತುಗಳು ಚೂರುಪಾರು ಜೇನಿಗೆ ಸೇರುತ್ತವೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ಮಲೇಷ್ಯಾದ ತುವಾಲಾಂಗ್ ಜೇನು, ನ್ಯೂಜಿಲೆಂಡಿನ ಮನುಕಾ ಜೇನು ಹಾಕಿ ನೋಡಿದ್ದಾರೆ. ಜೀವಕೋಶಗಳು ಸತ್ತಿವೆ. ತುವಾಲಾಂಗ್ ಅಂದರೆ ಬೇರೇನಲ್ಲ, ನಮ್ಮ ಹೆಜ್ಜೇನಿನ ಜಾತಿಯೇ ಅಲ್ಲಿನ ಎತ್ತರದ ಮರಗಳಲ್ಲಿ ಕಟ್ಟುವ ಜೇನು.

ಆದರೆ ಜೇನಿನಲ್ಲಿ ನೂರಕ್ಕೆ 80ರಷ್ಟು ಸಕ್ಕರೆಯೇ. ಗಟ್ಟಿ ಸಕ್ಕರೆ ಪಾಕ ಸುರಿದರೂ ಜೀವಕೋಶದ ನೀರು ಹೊರಗೆ ಬಂದು ಅದು ಸಾಯಬಹುದು. ಅಷ್ಟೇ ಸಕ್ಕರೆಯ ನೀರಿನ ಜೊತೆ ಹೋಲಿಸಿ ನೋಡಿದ ಪ್ರಯೋಗಕ್ಕೆ ಮಾತ್ರ ಬೆಲೆ. ಇನ್ನು ಬಾಯಿಂದ ಒಳಗೆ ಹೋದ ಕ್ರೈಸಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜೇನು ತಿಂದು ಮನುಷ್ಯರ ಗಡ್ಡೆ ಕರಗಿತು ಎಂದು ತೋರಿಸಿದ ಗಟ್ಟಿ ಪ್ರಯೋಗ ಇಲ್ಲ.

ಜೇನಿಗೆ ಕೆಲಸ ಇದ್ದರೆ ಅದು ಬಾಯಿ ಹುಣ್ಣಿನಲ್ಲಿ. ‘ಅಣ್ಣ, ಅಪ್ಪಂಗೆ ಮಣಿಪಾಲದಲ್ಲಿ ಕರೆಂಟು ಕೊಡ್ತಿದಾರೆ, ಗಂಜಿ ನುಂಗ್ಲಿಕ್ಕೂ ಆಗ್ತಿಲ್ಲ’ ಎಂದು ಫೋನ್ ಮಾಡುವವರಿದ್ದಾರೆ. ಬಾಯಿ, ಗಂಟಲಿಗೆ ಆ ಕರೆಂಟು, ಅಂದರೆ ರೇಡಿಯೇಶನ್ ಕೊಟ್ಟಾಗ ಒಳಚರ್ಮ ಕಿತ್ತುಬರುತ್ತದೆ. 2003ರಲ್ಲಿ ಪ್ರಕಟವಾದ ಮಲೇಷ್ಯಾದ ಒಂದು ಪ್ರಯೋಗದಲ್ಲಿ 40 ರೋಗಿಗಳಲ್ಲಿ ಅರ್ಧ ಜನಕ್ಕೆ 20 ಮಿಲಿ ಜೇನು ಕೊಟ್ಟರು. ರೇಡಿಯೇಶನ್‌ಗೆ 15 ನಿಮಿಷ ಮೊದಲು, ಆದ 15 ನಿಮಿಷಕ್ಕೆ, ಮತ್ತೆ 6 ಗಂಟೆ ಬಿಟ್ಟು. ಜೋರು ಹುಣ್ಣು ಜೇನಿಲ್ಲದವರಲ್ಲಿ 75 ಶೇಕಡ, ಜೇನಿನವರಲ್ಲಿ 20. ಆಮೇಲೆ ಇಂಗ್ಲೆಂಡಿನಲ್ಲಿ ಮನುಕಾ ಕೊಟ್ಟು ನೋಡಿದಾಗ ಇಂಥ ಲಾಭ ಸಿಗಲಿಲ್ಲ. ಇವೆರಡನ್ನೂ ಹೇಳಿಯೇ ನಾನು ಬಾಟಲಿ ಕೊಡುವುದು.

ಬಾಯಿ ಹುಣ್ಣಿನವರಿಗೆ ಮಿಸರಿ ಕೊಡುವುದಿಲ್ಲ, ತುಡುವೆ ಕೊಡುತ್ತೇನೆ. ಮಿಸರಿ ಜೇನು ನೀರು ನೀರು, ಹುಳಿ ಬೇರೆ. ಹುಣ್ಣಿನ ಬಾಯಿಗೆ ಉರಿಯುತ್ತದೆ. ತುಡುವೆಯಲ್ಲೂ ಮುಕ್ಕಾಲು ಪಾಲು ಮೇಣದ ಮುಚ್ಚಳ ಬಿದ್ದ ಎರಿ ಮಾತ್ರ ಆರಿಸುತ್ತೇನೆ. ಮುಚ್ಚಳ ಚಾಕುವಿನಲ್ಲಿ ತೆಳ್ಳಗೆ ಕೆತ್ತಿ, ಚೌಕಟ್ಟನ್ನು ಡ್ರಮ್ಮಿಗಿಟ್ಟು ನಿಧಾನ ತಿರುಗಿಸಬೇಕು. ಜೋರು ಮಾಡಿದರೆ ಹೊಸ ಎರಿ ಮುರಿದು ಮೊಟ್ಟೆ, ಮರಿ ಎಲ್ಲ ಜೇನಿಗೆ. ಬಟ್ಟೆಯಲ್ಲಿ ಸೋಸಿದ ಮೇಲೆ ಒಂದು ಹನಿಯನ್ನು ನೀರಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿಯುತ್ತೇನೆ. ನೀಲಿ ಮತ್ತು ಬಿಳಿ ಸೇರುವ ಗೆರೆ ಎಲ್ಲಿ ನಿಂತಿತೋ ಅದೇ ನೀರಿನ ಅಂಶ. ಜಾಸ್ತಿ ತೋರಿಸಿದ್ದು ಮನೆ ಬಳಕೆಗೆ. ಅದನ್ನು ಕಾಯಿಸಿ ಗಟ್ಟಿ ಮಾಡುವವರೂ ಇದ್ದಾರೆ. ಕಾಯಿಸಿದರೆ ಕೀಟಾಣು ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುವ ಕಿಣ್ವವೇ ಹೋಗುತ್ತದೆ. ಆಮೇಲೆ ಅದು ಬರೀ ಸಿಹಿ.

ಬಾಯಿ ಕ್ಯಾನ್ಸರಿನವರು ಬಂದಾಗ ಕವಳ (ಎಲೆ ಅಡಿಕೆ) ಬಿಟ್ಟಿದ್ದೀರಾ ಅಂತ ಕೇಳುತ್ತೇನೆ. ಅಡಿಕೆ ತೋಟದವನಾಗಿ ಕೇಳುವುದು ಕಷ್ಟ. ಆದರೂ ಕೇಳಬೇಕಲ್ವಾ?

ಕೀಮೋ ನಡೆದು ಬಿಳಿ ರಕ್ತಕಣ ಇಳಿದಿದ್ದರೆ ಡಾಕ್ಟರ್ ಒಪ್ಪದೆ ಹಸಿ ಜೇನು ಕೊಡುವುದಿಲ್ಲ, ಅದರಲ್ಲಿ ಕೀಟಾಣುಗಳ ಬೀಜಕಣಗಳಿರಬಹುದು. ಸಕ್ಕರೆ ಕಾಯಿಲೆ ಇದ್ದರೂ ಮೊದಲು ಡಾಕ್ಟರನ್ನೇ ಕೇಳಿ ಬನ್ನಿ ಅನ್ನುತ್ತೇನೆ. ಲೇಬಲ್ ಮೇಲೆ ಕ್ಯಾನ್ಸರ್ ಅಂತ ಬರೆಯಪ್ಪ, ಬೇಗ ಖರ್ಚಾಗ್ತದೆ ಎಂದು ಮೇಳದಲ್ಲಿ ಒಬ್ಬರು ಸಲಹೆ ಕೊಟ್ಟಿದ್ದರು. ಕ್ಯಾನ್ಸರ್ ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದು 1954ರ ಕಾಯಿದೆಯಿಂದಲೇ ಅಪರಾಧ. ನನ್ನ ಲೇಬಲ್ಲಿನಲ್ಲಿ ಜೇನಿನ ಜಾತಿ, ತೂಕ, ತೆಗೆದ ತಿಂಗಳು, ನೀರಿನ ಅಂಶ ಇರುತ್ತದೆ.