ಪುಟ್ಟ ಉಪಗ್ರಹಕ್ಕೆ ಫ್ರೀಕ್ವೆನ್ಸಿ ಪಡೆಯುವುದು ಹೇಗೆ?

ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಅತಿ ಚಿಕ್ಕ ಕ್ಯೂಬ್‌ಸ್ಯಾಟ್‌ಗಳಲ್ಲಿ ಹೆಚ್ಚಿನವು ಇಷ್ಟೇ ಇರುತ್ತವೆ, ಅಂಗೈ ಮೇಲೆ ಕೂರುತ್ತವೆ. ಒಳಗಿನ ರೇಡಿಯೊ ಒಂದು ವಾಟ್ ಇದ್ದರೆ ಜಾಸ್ತಿ. ಇಷ್ಟಕ್ಕೂ ಸರ್ಕಾರದ ಅಪ್ಪಣೆ ಬೇಕಾ ಎಂದು ಕಾಲೇಜು ತಂಡಗಳು ಕೇಳುವುದುಂಟು. ಬೇಕು. 500 ಕಿ.ಮೀ. ಎತ್ತರದ ಉಪಗ್ರಹದ ಸಿಗ್ನಲ್ ಕೆಳಗೆ ಸುತ್ತಲೂ ಸುಮಾರು 2,400 ಕಿ.ಮೀ.ವರೆಗೆ ಮುಟ್ಟುತ್ತದೆ. ಒಂದೂವರೆ ಗಂಟೆಗೊಮ್ಮೆ ಅದು ಭೂಮಿಯನ್ನು ಸುತ್ತುತ್ತದೆ. ಅಂದರೆ ನೀವು ಮಾತಾಡಿದ್ದು ಒಂದೇ ದಿನದಲ್ಲಿ ಹತ್ತಾರು ದೇಶಗಳ ಕಿವಿಗೆ ಬೀಳುತ್ತದೆ.

ಅಪ್ಪಣೆ ಇಲ್ಲದೆ ಹೋದರೆ ಏನಾಗುತ್ತದೆ? ಸ್ವಾರ್ಮ್ ಎಂಬ ಅಮೆರಿಕದ ಕಂಪನಿ 2018ರ ಜನವರಿಯಲ್ಲಿ ನಾಲ್ಕು ಪುಟಾಣಿ ಉಪಗ್ರಹಗಳನ್ನು ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಮೇಲಕ್ಕೆ ಕಳಿಸಿತು. ಅವುಗಳ ದಪ್ಪ ಮೂರು ಸೆಂಟಿಮೀಟರ್ ಕೂಡ ಇರಲಿಲ್ಲ. ಇಷ್ಟು ಚಿಕ್ಕವನ್ನು ರೇಡಾರ್‌ನಲ್ಲಿ ಹಿಂಬಾಲಿಸುವುದು ಕಷ್ಟ ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಮೊದಲೇ ಅರ್ಜಿ ತಳ್ಳಿಹಾಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ 9 ಲಕ್ಷ ಡಾಲರ್ ದಂಡ ಬಿತ್ತು. ನೋಡಿ, ಆಕ್ಷೇಪ ಇದ್ದದ್ದು ಫ್ರೀಕ್ವೆನ್ಸಿಗಲ್ಲ, ಗಾತ್ರಕ್ಕೆ. ರೇಡಿಯೊ ಲೈಸೆನ್ಸ್ ಕೊಡುವ ಕಚೇರಿ ಬರೀ ರೇಡಿಯೊ ನೋಡುತ್ತದೆ ಎಂದುಕೊಳ್ಳಬೇಡಿ.

ಆದ್ದರಿಂದ ಈ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬಾರದು. ಆಂಟೆನಾ ಕತ್ತರಿಸುವ ಮೊದಲೇ ಶುರು ಮಾಡಬೇಕು. 145 ಮೆಗಾಹರ್ಟ್ಸ್‌ಗೆ ಕಾಲು ತರಂಗದ (ಅಂದರೆ ತರಂಗದ ಉದ್ದದ ನಾಲ್ಕನೇ ಒಂದು ಭಾಗದ) ಆಂಟೆನಾ ಸುಮಾರು 51 ಸೆಂ.ಮೀ. ಬೇಕು, 437ಕ್ಕೆ 17 ಸೆಂ.ಮೀ. ಸಾಕು. ಬ್ಯಾಂಡ್ ಬದಲಾಯಿತೋ, ಆಂಟೆನಾ, ಅದನ್ನು ಮಡಚಿಡುವ ಜಾಗ, ರೇಡಿಯೊ ಬೋರ್ಡ್ ಎಲ್ಲವೂ ಬದಲಾಗುತ್ತವೆ.

ಮೊದಲು: ಯಾರನ್ನು ಕೇಳಬೇಕು?

ಜಗತ್ತಿನ ರೇಡಿಯೊ ಲೆಕ್ಕ ಇಡುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು. 1865ರಲ್ಲಿ ತಂತಿ ಸಂದೇಶಕ್ಕಾಗಿ ಹುಟ್ಟಿದ ಸಂಸ್ಥೆ ಅದು, ಈಗ ವಿಶ್ವಸಂಸ್ಥೆಯ ಅಂಗ. ಆದರೆ ನೀವು ನೇರವಾಗಿ ಅಲ್ಲಿಗೆ ಅರ್ಜಿ ಹಾಕುವಂತಿಲ್ಲ. ಕಂಪನಿಯಾಗಲಿ, ವಿಶ್ವವಿದ್ಯಾಲಯವಾಗಲಿ, ಎಲ್ಲರ ಕಾಗದವೂ ಅವರವರ ಸರ್ಕಾರದ ಮೂಲಕವೇ ಹೋಗಬೇಕು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿಯವರು ಮೇಲೆ ಏನೇ ಮಾಡಿದರೂ ಅದಕ್ಕೆ ದೇಶವೇ ಹೊಣೆ. ಹಾಗಾಗಿ ಮೊದಲ ಭೇಟಿ ನಿಮ್ಮ ದೇಶದ ಸ್ಪೆಕ್ಟ್ರಂ ಕಚೇರಿಗೆ. ಖಾಲಿ ಕೈಯಲ್ಲಿ ಹೋಗಬೇಡಿ. ಉಪಗ್ರಹ ಏನು ಮಾಡುತ್ತದೆ, ಯಾವ ಕಕ್ಷೆ, ಎಷ್ಟು ವರ್ಷ, ಯಾರ ದುಡ್ಡು ಎಂಬುದನ್ನು ಎರಡು ಪುಟದಲ್ಲಿ ಬರೆದುಕೊಂಡು ಹೋಗಿ.

ಆಮೇಲೆ: ನಿಮ್ಮದು ಯಾವ ‘ಸೇವೆ’?

ಐಟಿಯುವಿನ ರೇಡಿಯೊ ನಿಯಮಾವಳಿಯಲ್ಲಿ ಒಂದು ದೊಡ್ಡ ಹಂಚಿಕೆ ಪಟ್ಟಿ ಇದೆ. 8.3 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಒಂದೊಂದು ಪಟ್ಟೆಯನ್ನೂ ಯಾವ ಕೆಲಸಕ್ಕೆ ಬಿಟ್ಟಿದೆ ಎಂದು ಅದು ಹೇಳುತ್ತದೆ. ಜಗತ್ತನ್ನು ಮೂರು ವಲಯ ಮಾಡಿದ್ದಾರೆ. ಯುರೋಪ್ ಮತ್ತು ಆಫ್ರಿಕಾದ ಕಡೆಯದು ಒಂದನೆಯದು, ಅಮೆರಿಕ ಖಂಡಗಳದ್ದು ಎರಡನೆಯದು, ಏಷ್ಯಾ-ಪೆಸಿಫಿಕ್ ಮೂರನೆಯದು. ಪಟ್ಟಿಯ ಇಂಗ್ಲಿಷ್ ಪ್ರತಿಯಲ್ಲಿ ಕೆಲವು ಸೇವೆಗಳ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿದೆ. ಅವರಿಗೆ ಮೊದಲ ಹಕ್ಕು. ಚಿಕ್ಕಕ್ಷರದವರು ಎರಡನೇ ಸಾಲಿನವರು. ಮೊದಲ ಸಾಲಿನವರಿಗೆ ತೊಂದರೆ ಕೊಡುವಂತಿಲ್ಲ, ಅವರಿಂದ ತೊಂದರೆಯಾದರೆ ದೂರುವಂತೆಯೂ ಇಲ್ಲ. ಪಟ್ಟಿಯ ಕೆಳಗಿನ ಅಡಿಟಿಪ್ಪಣಿಗಳನ್ನು ಬಿಡದೆ ಓದಿ. ಅಸಲಿ ಷರತ್ತುಗಳು ಕೂತಿರುವುದೇ ಅಲ್ಲಿ.

ಹೆಚ್ಚಿನ ವಿದ್ಯಾರ್ಥಿ ತಂಡಗಳು ಹ್ಯಾಮ್ ಬ್ಯಾಂಡ್, ಅಂದರೆ ಹವ್ಯಾಸಿ ರೇಡಿಯೊಗೆ ಬಿಟ್ಟ ಪಟ್ಟೆ, ಕೇಳುತ್ತವೆ, ಅದರಲ್ಲೂ 435–438 ಮೆಗಾಹರ್ಟ್ಸ್. ಇಲ್ಲಿ ಎಚ್ಚರ ಬೇಕು. ಹವ್ಯಾಸಿ ರೇಡಿಯೊ ಎಂದರೆ ಕಲಿಕೆಗೆ, ಪ್ರಯೋಗಕ್ಕೆ, ಹಣದ ಲಾಭಕ್ಕಲ್ಲ. ಕಳಿಸುವ ಡೇಟಾವನ್ನು ಗುಟ್ಟು ಮಾಡುವಂತಿಲ್ಲ. ಉಪಗ್ರಹಕ್ಕೆ ಕೊಡುವ ಕಮಾಂಡ್‌ಗಳಿಗೆ ಮಾತ್ರ ವಿನಾಯಿತಿ. ನಿಮ್ಮ ಉಪಗ್ರಹ ತೆಗೆದ ಚಿತ್ರಗಳನ್ನು ನಾಳೆ ಮಾರುವ ಯೋಚನೆ ಇದ್ದರೆ ಹ್ಯಾಮ್ ಬ್ಯಾಂಡ್ ಆಸೆ ಈಗಲೇ ಬಿಡಿ. ಮೂರು ವರ್ಷ ಮೀರದ ಚಿಕ್ಕ ಯೋಜನೆಗಳ ನಿಯಂತ್ರಣ ಸಂಪರ್ಕಕ್ಕೆಂದು 2019ರ ವಿಶ್ವ ರೇಡಿಯೊ ಸಮ್ಮೇಳನ ಬೇರೆ ದಾರಿ ಮಾಡಿಕೊಟ್ಟಿದೆ: ಕೆಳಕ್ಕೆ 137 ಮೆಗಾಹರ್ಟ್ಸ್ ಆಸುಪಾಸು, ಮೇಲಕ್ಕೆ 148ರ ಆಸುಪಾಸು.

ಹ್ಯಾಮ್ ಬ್ಯಾಂಡೇ ಸರಿ ಎಂದಾದರೆ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟಕ್ಕೆ, ಐಎಆರ್‌ಯುಗೆ, ಒಂದು ಅರ್ಜಿ ಹಾಕಬೇಕು. ಅಲ್ಲಿ ಕೂತಿರುವವರು ಸ್ವಯಂಸೇವಕರು. ಯಾವ ಉಪಗ್ರಹ ಯಾವ ಚಾನೆಲ್‌ನಲ್ಲಿದೆ ಎಂದು ನೋಡಿ ನಿಮಗೊಂದು ಜಾಗ ಹೇಳುತ್ತಾರೆ. ಅದು ಲೈಸೆನ್ಸ್ ಅಲ್ಲ ಎಂಬುದು ನೆನಪಿರಲಿ. ಲೈಸೆನ್ಸ್ ಕೊಡುವುದು ಸರ್ಕಾರವೇ.

ಈಗ ಫಾರಂ

ಜೀವ ತಿನ್ನುವುದು ಇದೇ ಹಂತ. ನಿಯಮಾವಳಿಯ ನಾಲ್ಕನೇ ಅನುಬಂಧ ಕೇಳುವ ವಿವರಗಳನ್ನು ಐಟಿಯುವಿನ ಸಾಫ್ಟ್‌ವೇರ್‌ನಲ್ಲಿ ತುಂಬಬೇಕು. ಕಕ್ಷೆಯ ಎತ್ತರ, ವಾಲಿಕೆ, ಪವರ್, ಆಂಟೆನಾದ ಗೇನ್, ನೆಲದ ಕೇಂದ್ರ ಎಲ್ಲಿದೆ, ಹೀಗೆ. ಹೆಚ್ಚಿನವರು ಎಡವುವ ಒಂದು ಕಲಂ ತೋರಿಸುತ್ತೇನೆ. ಸಿಗ್ನಲ್‌ನ ಬಗೆ ಬರೆಯಿರಿ ಎಂದಿರುತ್ತದೆ. ಅಲ್ಲಿ ‘16ಕೆ0ಎಫ್1ಡಿ’ ಎಂಬಂಥ ಸಂಕೇತ ಹಾಕಬೇಕು. ಮೊದಲ ನಾಲ್ಕು ಅಕ್ಷರ ಸಿಗ್ನಲ್ ಎಷ್ಟು ಅಗಲ ಎನ್ನುತ್ತವೆ: 16.0 ಕಿಲೋಹರ್ಟ್ಸ್. ‘ಕೆ’ ಕೂತಿರುವುದು ದಶಮಾಂಶ ಬಿಂದುವಿನ ಜಾಗದಲ್ಲಿ. 12.5 ಆಗಿದ್ದರೆ ‘12ಕೆ5’ ಎಂದು ಬರೆಯುತ್ತಿದ್ದೆವು. ‘ಎಫ್’ ಎಂದರೆ ಫ್ರೀಕ್ವೆನ್ಸಿ ಮಾಡ್ಯುಲೇಷನ್, ‘1’ ಎಂದರೆ ಒಂದೇ ಡಿಜಿಟಲ್ ಚಾನೆಲ್, ‘ಡಿ’ ಎಂದರೆ ಹೋಗುತ್ತಿರುವುದು ಡೇಟಾ.

ಈ ಅಗಲಕ್ಕೆ ಡಾಪ್ಲರ್, ಅಂದರೆ ಉಪಗ್ರಹದ ಓಟದಿಂದ ಫ್ರೀಕ್ವೆನ್ಸಿ ಜಾರುವುದನ್ನೂ ಸೇರಿಸಿ ಬರೆಯುವವರಿದ್ದಾರೆ. ಸೇರಿಸಬೇಡಿ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುವುದರಿಂದ 437 ಮೆಗಾಹರ್ಟ್ಸ್‌ನ ಸಿಗ್ನಲ್ ಆಚೀಚೆ ಸುಮಾರು 10 ಕಿಲೋಹರ್ಟ್ಸ್ ಜಾರುವುದು ನಿಜ. ಆದರೆ ಅದು ಕೇಳುವವನ ತಲೆನೋವು. ಸಂಕೇತದಲ್ಲಿ ಇರಬೇಕಾದದ್ದು ಟ್ರಾನ್ಸ್‌ಮಿಟರ್ ನಿಜವಾಗಿ ಬಳಸುವ ಅಗಲ ಮಾತ್ರ. ಯಾವುದಕ್ಕೂ ಇರಲಿ ಎಂದು ಪವರ್, ಅಗಲ ಹೆಚ್ಚು ಬರೆದುಕೊಂಡರೆ ಲಾಭವೇನಿಲ್ಲ, ಬೇರೆ ದೇಶಗಳ ಆಕ್ಷೇಪ ಮಾತ್ರ ಜಾಸ್ತಿ ಆಗುತ್ತದೆ.

ಜಿನೀವಾಗೆ ಹೋದ ಮೇಲೆ

ನೀವು ತುಂಬಿದ ವಿವರಗಳನ್ನು ಸರ್ಕಾರ ‘ಮುಂಗಡ ಪ್ರಕಟಣೆ’ಯಾಗಿ ಕಳಿಸುತ್ತದೆ. ಅದನ್ನು ಐಟಿಯು ಎರಡು ವಾರಕ್ಕೊಮ್ಮೆ ಹೊರಡಿಸುವ ತನ್ನ ಸುತ್ತೋಲೆಯಲ್ಲಿ ಹಾಕುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾವ ದೇಶ ಬೇಕಾದರೂ ತಕರಾರು ತೆಗೆಯಬಹುದು. ಪತ್ರ ಬಂದರೆ ಗಾಬರಿ ಬೇಡ. ಹೆಚ್ಚಿನ ಸಲ ಕೇಳುವುದು ವಿವರಣೆಯನ್ನೇ. ಪವರ್ ಎಷ್ಟು, ನಮ್ಮ ದೇಶದ ಮೇಲೆ ಹಾಯುವಾಗ ಆಫ್ ಮಾಡುತ್ತೀರಾ, ಇಂಥವು. ಎರಡೂ ಸರ್ಕಾರಗಳು ಪತ್ರ ಬರೆದುಕೊಂಡು ಬಗೆಹರಿಸುತ್ತವೆ. ಕೊನೆಗೆ ‘ನೋಟಿಫಿಕೇಷನ್’ ಕಳಿಸಿದರೆ ನಿಮ್ಮ ಫ್ರೀಕ್ವೆನ್ಸಿ ಐಟಿಯುವಿನ ಮೂಲ ರಿಜಿಸ್ಟರ್ ಸೇರುತ್ತದೆ. ಉಪಗ್ರಹ ಕೆಲಸ ಶುರು ಮಾಡುವುದಕ್ಕೆ ಎರಡು ವರ್ಷ ಮುಂಚೆಯಾದರೂ ಮುಂಗಡ ಪ್ರಕಟಣೆ ಹೋಗಿರಲಿ ಎನ್ನುತ್ತದೆ ನಿಯಮ. ಏಳು ವರ್ಷದೊಳಗೆ ಬಳಕೆ ಶುರುವಾಗದಿದ್ದರೆ ಕಡತ ರದ್ದು. ಹವ್ಯಾಸಿ ಉಪಗ್ರಹಗಳ ಕಡತಕ್ಕೆ ಐಟಿಯು ಶುಲ್ಕ ಹಾಕುವುದಿಲ್ಲ, ಅದೊಂದು ಪುಣ್ಯ.

ದೊಡ್ಡವರ ಆಟ ಬೇರೆ. ಅಲ್ಲಿ ಮೊದಲು ಬಂದವನಿಗೆ ಮೊದಲ ಹಕ್ಕು. ಹಾಗಾಗಿ ಉಪಗ್ರಹವೇ ಇಲ್ಲದೆ ಕಡತ ಹಾಕಿ ಜಾಗ ಹಿಡಿಯುವ ಚಾಳಿ ಬೆಳೆಯಿತು. ಟೋಂಗಾ ಎಂಬ ಪುಟ್ಟ ದ್ವೀಪರಾಷ್ಟ್ರ 1980ರ ದಶಕದ ಕೊನೆಗೆ 16 ಭೂಸ್ಥಿರ ಜಾಗಗಳನ್ನು (ನೆಲದಿಂದ ನೋಡಿದರೆ ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆಯ ಜಾಗಗಳು) ಕೇಳಿ ಎಲ್ಲರ ಹುಬ್ಬೇರಿಸಿತ್ತು. 2021ರಲ್ಲಿ ರುವಾಂಡದ ಹೆಸರಲ್ಲಿ ಹೋದ ಕಡತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಉಪಗ್ರಹಗಳಿದ್ದವು! ಇಂಥ ಚಾಳಿಗೆ ಕಡಿವಾಣ ಹಾಕಲು 2019ರಲ್ಲೇ ದೊಡ್ಡ ಉಪಗ್ರಹ ಗುಂಪುಗಳಿಗೆ ಗಡುವು ಬಂತು. ಏಳು ವರ್ಷ ಮುಗಿದ ಮೇಲೆ ಎರಡು ವರ್ಷದಲ್ಲಿ ಶೇ 10, ಐದರಲ್ಲಿ ಶೇ 50, ಏಳರಲ್ಲಿ ಪೂರ್ತಿ ಹಾರಿಸಿರಬೇಕು. ಹಾರಿಸದಿದ್ದರೆ ಕಡತದಲ್ಲಿನ ಸಂಖ್ಯೆಯನ್ನೇ ಕತ್ತರಿಸುತ್ತಾರೆ. ನನ್ನ ಕೇಳಿದರೆ ಈ ಗಡುವು ಇನ್ನೂ ಬಿಗಿಯಾಗಬೇಕಿತ್ತು.

ಬಾಯಿ ಮುಚ್ಚಿಸುವ ಕಮಾಂಡ್

ಉಡಾವಣೆಗೆ ಮುಂಚೆ ಒಂದು ಪರೀಕ್ಷೆ ತಪ್ಪಿಸಬೇಡಿ. ನೆಲದಿಂದ ಕಮಾಂಡ್ ಕೊಟ್ಟ ಕೂಡಲೇ ಉಪಗ್ರಹದ ಟ್ರಾನ್ಸ್‌ಮಿಟರ್ ನಿಲ್ಲಬೇಕು ಎಂಬುದು ನಿಯಮಾವಳಿಯಲ್ಲೇ ಇದೆ. ಹವ್ಯಾಸಿ ಉಪಗ್ರಹವಾದರೆ ಕಮಾಂಡ್ ಕೊಡುವ ನೆಲಕೇಂದ್ರ ಉಡಾವಣೆಗೆ ಮೊದಲೇ ಸಿದ್ಧವಿರಬೇಕು. ಗ್ಯಾಲಕ್ಸಿ 15 ಎಂಬ ಟಿವಿ ಉಪಗ್ರಹ 2010ರ ಏಪ್ರಿಲ್‌ನಲ್ಲಿ ಯಾರ ಮಾತೂ ಕೇಳದಂತಾಯಿತು. ಆದರೆ ರೇಡಿಯೊ ಮಾತ್ರ ಆನ್ ಆಗಿಯೇ ಇತ್ತು. ತನ್ನ ಜಾಗ ಬಿಟ್ಟು ತೇಲುತ್ತಾ ಅಕ್ಕಪಕ್ಕದ ಉಪಗ್ರಹಗಳ ಹತ್ತಿರ ಹಾದುಹೋಯಿತು. ಬ್ಯಾಟರಿ ಖಾಲಿಯಾಗಿ ತಾನೇ ರೀಸೆಟ್ ಆದದ್ದು ಡಿಸೆಂಬರ್‌ನಲ್ಲಿ. ಅಷ್ಟು ತಿಂಗಳೂ ಪಕ್ಕದ ಉಪಗ್ರಹದವರಿಗೆ ಅದರಿಂದ ತಪ್ಪಿಸಿಕೊಳ್ಳುವುದೇ ಕೆಲಸ.

ನಿಮ್ಮ ಕ್ಯೂಬ್‌ಸ್ಯಾಟ್‌ಗೂ ಅಂಥ ದಿನ ಬರಬಹುದು. ಅದಕ್ಕೇ ಕಮಾಂಡ್ ಜೊತೆಗೆ ಒಂದು ಟೈಮರ್ ಕೂಡ ಇಡಿ. ಇಷ್ಟು ದಿನ ನೆಲದಿಂದ ಏನೂ ಕೇಳಿಸದಿದ್ದರೆ ತಾನಾಗಿಯೇ ಸುಮ್ಮನಾಗಲಿ. ಎಷ್ಟು ದಿನ ಎಂಬುದನ್ನು ಅರ್ಜಿಯಲ್ಲೇ ಬರೆದುಬಿಡಿ, ಕಚೇರಿಯವರು ಕೇಳುವ ಮುಂಚೆ.